ಒಡಕು ಗುಡಾಣದ ಹೆಪ್ಪು

ಬುಸಾನಿನಲ್ಲಿ ಮಗಳ ಬಾಣಂತನ ಮುಗಿಸಿ ನಲವತ್ತು ದಿನದ ಮೇಲೆ ಊರಿಗೆ ಬಂದ ಮಲ್‌ಸುನ್, ಹಿತ್ತಿಲ ಬಾಗಿಲು ತೆಗೆದವಳೇ ಕೈಲಿದ್ದ ಗಂಟು ಕೆಳಗೆ ಬಿಟ್ಟಳು. ಗುಡಾಣಗಳೆಲ್ಲ ಬಿಸಿಲಿಗೆ ಫಳಫಳ ಹೊಳೆಯುತ್ತಿದ್ದವು.

"ಹೆಂಗಿದೆ ಅತ್ತಿಗೆ?" ಮೈದುನ ಗಿತೇ ಹಲ್ಲು ಕಿರಿದ. "ನಾಳೆ ಸಿಯೋಲ್‌ನಿಂದ ಅಂಗಡಿಯವರು ಬರ್ತಾರಲ್ಲ. ನೀವು ಹೋದ ಮಾರನೇ ದಿನಾನೇ ಎರಡು ಕೋಟು ವಾರ್ನಿಷ್ ಹೊಡೆದೆ."

"ನಿನ್ನ ಮೂಗಿಗೂ ಎರಡು ಕೋಟು ಹೊಡ್ಕೋಬೇಕಿತ್ತು ಕಣೋ! ಉಸಿರು ಕಟ್ಟೋದು ಅಂದ್ರೇನು ಅಂತ ಗೊತ್ತಾಗ್ತಿತ್ತು!"

ಮಣ್ಣು ಉಸಿರಾಡಿದರೇ ಒಳಗೆ ಹುಳಿಯಲು ಇಟ್ಟ ಸೋಯಾ ಕಾಳಿನ ಗೊಜ್ಜು, ದ್ವೆನ್‌ಜಾಂಗ್, ಹದವಾಗುವುದು. ಆ ಊರಿನ ಕೂಸಿಗೂ ಗೊತ್ತಿದ್ದ ಮಾತು. ಗಂಡ ಸತ್ತ ಮೇಲೆ ಮೂರು ವರ್ಷ ಕಾಳು ಬೇಯಿಸಿ, ಬಿಸಿಲು ಬಂದರೆ ಮುಚ್ಚಳ ತೆಗೆದು, ಮೋಡ ಕಂಡರೆ ಓಡಿಬಂದು ಮುಚ್ಚಿ ಸಾಕಿದ ಸರಕು. ಅವಳ ಹೆಸರಿನ ಮೊದಲ ವ್ಯಾಪಾರ.

ಅಂಟಿಕೊಂಡಿದ್ದ ಮುಚ್ಚಳಗಳನ್ನು ಚಾಕುವಿನಿಂದ ಎಬ್ಬಿಸಿ ಮೂಸಿದಳು. ಮೂವತ್ತು ಗುಡಾಣಗಳಲ್ಲೂ ಮುಗ್ಗಲು ವಾಸನೆ. ಗೋಡೆಯ ಸಂದಿಯಲ್ಲಿ ತಂತಿ ಬಿಗಿದ ಒಡಕು ಗುಡಾಣವೊಂದು ಮಾತ್ರ ಮಣ್ಣಿನ ಬಣ್ಣದಲ್ಲೇ ಇತ್ತು.

"ಅದನ್ನ ಕಂಡ್ರೆ ಮಾನ ಹೋಗುತ್ತೆ ಅಂತ ಹಿಂದಕ್ಕೆ ತಳ್ಳಿದ್ದೆ," ಎಂದ ಗಿತೇ.

ಬೆರಳಲ್ಲಿ ತೆಗೆದು ನೆಕ್ಕಿದಳು. ಅಪ್ಪಟ ಹದ.

ಮರುದಿನ ಬಂದ ಅಂಗಡಿಯ ಪ್ಯೋ ಅದನ್ನೇ ನೆಕ್ಕಿ, "ಎಲ್ಲಾನೂ ತಗೋತೀನಿ," ಎಂದಳು.

"ಇದೊಂದೇ ಇರೋದು. ಮಿಕ್ಕಿದ್ದೆಲ್ಲ ಕೆಟ್ಟಿದೆ."

"ಬೆರೆಸಿ ಕೊಟ್ರೆ ಯಾರಿಗ್ ಗೊತ್ತಾಗುತ್ತೆ ಅತ್ತಿಗೆ?" ಗಿತೇ ಪಿಸುಗುಟ್ಟಿದ.

"ವಾರ್ನಿಷ್ ಉಳಿದಿದ್ರೆ ಬಾಯಿಗೆ ಬಳ್ಕೋ!"

ಪ್ಯೋ ಸಿಡುಕಿದಳು. "ನಾಲ್ಕು ಗಂಟೆ ದಾರಿ ಬಂದಿದ್ದು ಒಂದು ಗುಡಾಣಕ್ಕಾ? ಸರಿ, ಅದನ್ನೇ ಪೂರ್ತಿ ಕೊಡಿ."

"ಅರ್ಧ ಕೊಡ್ತೀನಿ. ಇನ್ನರ್ಧ ಹೊಸದಕ್ಕೆ ಹೆಪ್ಪು."

"ಹೊಸದು ಹದಕ್ಕೆ ಬರೋಕೆ ಎಷ್ಟು ವರ್ಷ?"

"ಮೂರು. ನೀವು ನಾಲ್ಕು ಗಂಟೆ ಬಂದ್ರಿ, ನಾನು ಮೂರು ವರ್ಷ ಬಂದಿದ್ದೀನಿ ತಾಯಿ. ಬಂದ ದಾರೀನ ಇನ್ನೊಂದ್ಸಲ ನಡೀತೀನಿ."

ಪ್ಯೋ ಅರ್ಧ ತುಂಬಿಸಿಕೊಂಡು, ಮೂರು ವರ್ಷದ ಮೇಲೆ ಮತ್ತೆ ಬರುವ ಮಾತು ಕೊಡದೆ ಹೊರಟುಹೋದಳು. ಕಾರಿನ ಧೂಳು ಅಡಗುವ ಮೊದಲೇ ಮಲ್‌ಸುನ್ ಕೆಟ್ಟದ್ದನ್ನು ತಿಪ್ಪೆಗೆ ಸುರಿಯತೊಡಗಿದ್ದಳು.

"ನಿಂತು ಏನು ನೋಡ್ತೀಯ? ಕುಂಬಾರನ ಹತ್ರ ಹೋಗು. ಮೂವತ್ತು ಗುಡಾಣ. ಹೊಳೆಯೋದು ಒಂದು ತಂದ್ರೂ ನಿನ್ನ ತಲೆ ಮೇಲೇ ಒಡೀತೀನಿ!"

ಗಿತೇ ಓಡಿದ. ಅವಳು ಹೊಸ ಕಾಳಿನ ಮೂಟೆಯ ಹೊಲಿಗೆಯನ್ನು ಹಲ್ಲಿನಿಂದಲೇ ಕಿತ್ತಳು.