ಕೃತಕ ಕಣ್ಣಿನ ಅಂಗಡಿಯ ಮೊದಲ ಪುಟ

ಅಂಗಡಿಯ ವೆಬ್‌ಸೈಟಿನಲ್ಲಿ ಏನೇನು ಬರೆಯಬೇಕು ಎಂಬ ಮಾತು ಶುರುವಾದಾಗಿನಿಂದ ತಮ್ಮನಿಗೆ ಊಟ ಸೇರುತ್ತಿರಲಿಲ್ಲ, ಅಕ್ಕನಿಗೆ ನಿದ್ದೆ ಹತ್ತುತ್ತಿರಲಿಲ್ಲ. ತಮ್ಮನದು ಬರೀ ಹುರುಪು. ಅಕ್ಕನದು ಬೇರೆಯೇ ಕಥೆ. ಅದನ್ನು ಅವಳು ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ.

ಅವರದು ಕೃತಕ ಕಣ್ಣು ಮಾಡುವ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ. ಒಂದು ಕಣ್ಣು ಕಳೆದುಕೊಂಡವರು ಬಂದು ಕಿಟಕಿಯ ಬೆಳಕಿಗೆ ಮುಖ ಮಾಡಿ ಕೂರುತ್ತಾರೆ. ಅಕ್ಕ ಎದುರಿಗೆ ಸ್ಟೂಲು ಎಳೆದುಕೊಂಡು, ಅವರ ಉಳಿದ ಕಣ್ಣನ್ನೇ ನೋಡುತ್ತ, ಅಂಗಿಯ ಗುಂಡಿಯಷ್ಟಗಲದ ಬಿಲ್ಲೆಯ ಮೇಲೆ ಅದೇ ಬಣ್ಣ ಬರೆಯುತ್ತಾಳೆ. ಅಚ್ಚು ತೆಗೆಯುವುದು, ಉಜ್ಜಿ ಹೊಳಪು ಕೊಡುವುದು ತಮ್ಮನ ಕೆಲಸ. ಬಿಳಿಯ ಭಾಗದ ಮೇಲೆ ಕೆಂಪು ರೇಷ್ಮೆ ಎಳೆ ಕೂರಿಸಿ ನರ ಮೂಡಿಸುವುದು ತಮ್ಮನ ಹೆಂಡತಿಯದು. ಆದರೆ ಜನ ಬರುತ್ತಿದ್ದದ್ದು ಅಕ್ಕನ ಬಣ್ಣಕ್ಕೆ. "ಯಾವುದು ನಿಜದ ಕಣ್ಣು ಅಂತ ನಮ್ಮಮ್ಮನಿಗೇ ಗೊತ್ತಾಗಲಿಲ್ಲ" ಎಂದು ಅವಳ ಕೈ ಹಿಡಿದು ಅತ್ತು ಹೋದವರು ಎಷ್ಟೋ ಮಂದಿ. ಮದುವೆ ಮಕ್ಕಳೆಂಬ ಗೋಜಿಗೆ ಹೋಗದ ಅವಳಿಗೆ ಆ ಕೆಲಸವೇ ಎಲ್ಲವೂ ಆಗಿತ್ತು.

ಈಗ ಅದಕ್ಕೇ ಕುತ್ತು ಬಂದಿತ್ತು. ನೋಡುವ ನೋಟದ ನಟ್ಟನಡುವೆ ಒಂದು ಮಸುಕು ಬಂದು ಕೂತಿತ್ತು. ಡಾಕ್ಟರು ಹೋದ ವರ್ಷವೇ ಮುಚ್ಚುಮರೆಯಿಲ್ಲದೆ ಹೇಳಿದ್ದರು: ಹೋದದ್ದು ಬರುವುದಿಲ್ಲ, ಇರುವುದೂ ನಿಧಾನಕ್ಕೆ ಹೋಗುತ್ತದೆ. ಕಣ್ಣು ಬರೆಯುವವಳಿಗೇ ಈ ಗತಿಯೇ, ದೇವರಿಗೆ ಬೇರೆ ಯಾರೂ ಸಿಗಲಿಲ್ಲವೇ! ಮನೆಗೆ ಬಂದು "ಕನ್ನಡಕ ಬದಲಿಸಬೇಕಂತೆ, ಅಷ್ಟೇ" ಎಂದುಬಿಟ್ಟಿದ್ದಳು. ಆಮೇಲೂ ಬರೆದಳು. ಬರೆದದ್ದನ್ನೆಲ್ಲ ಜನ ಮೆಚ್ಚಿಕೊಂಡೇ ಹೋದರು. ಕಣ್ಣು ಕೈಕೊಟ್ಟರೂ ಕೈಗೆ ಅಭ್ಯಾಸವಿದೆಯಲ್ಲ ಎಂದು ಧೈರ್ಯ ತಂದುಕೊಂಡಿದ್ದಳು.

ಆ ಭಾನುವಾರ ಮೂವರೂ ಊಟದ ಮೇಜಿನ ಸುತ್ತ ಕೂತರು. ತಮ್ಮ ಲ್ಯಾಪ್‌ಟಾಪಿಗೆ ಟಿವಿ ಜೋಡಿಸಿಕೊಂಡು ದೊಡ್ಡ ಮೇಷ್ಟ್ರ ಹಾಗೆ ಶುರು ಮಾಡಿದ.

"ಒಂದು ಪುಟ ಜನ ಕೇಳೋ ಪ್ರಶ್ನೆಗಳಿಗೆ. ನೋವಾಗುತ್ತಾ, ಮಲಗುವಾಗ ತೆಗೀಬೇಕಾ, ಅಂಥವು."

"ಅತ್ತರೆ ನೀರು ಬರುತ್ತಾ ಅನ್ನೋದನ್ನ ಮೊದಲು ಹಾಕು," ಎಂದಳು ಅಕ್ಕ. "ಎಲ್ಲಾರೂ ಎದ್ದು ಹೊರಡೋ ಹೊತ್ತಿಗೆ ನಾಚ್ಕೊಂಡು ಕೇಳೋದು ಅದನ್ನೇ."

"ಸರಿ. ಮೊದಲನೇ ಪುಟದಲ್ಲಿ ಮಾತ್ರ ನೀನು. ನಿನ್ನ ಫೋಟೊ, ಕೆಳಗೆ ದಪ್ಪಕ್ಷರದಲ್ಲಿ 'ಮೂವತ್ತು ವರ್ಷದಿಂದ ಒಂದೇ ಕೈ'."

"ನನ್ನ ಮುಖ ನೋಡಿದ್ರೆ ಇರೋ ಗಿರಾಕಿನೂ ಓಡಿಹೋಗ್ತಾರೆ ಕಣೋ."

"ತಮಾಷೆ ಬೇಡ ಅಕ್ಕ. ನಿನ್ನ ಹೆಸರಿಲ್ಲದಿದ್ರೆ ನಾವಿಲ್ಲಿ ನೊಣ ಹೊಡೀತಾ ಕೂರಬೇಕು."

ಅಕ್ಕನಿಗೆ ಒಳಗೊಳಗೇ ಪುಕಪುಕ. ಗೊತ್ತಿದ್ದವರು ಬರುವುದು ಬೇರೆ. ಎಲ್ಲೋ ದೂರದವರು ಆ ಸಾಲು ಓದಿ, ನಂಬಿ, ಬಸ್ಸು ಹತ್ತಿ ಬಂದರೆ? ಹೇಳಿಬಿಡಲೇ ಎಂದು ಬಾಯಿ ತೆರೆದಳು. ಅಷ್ಟರಲ್ಲಿ ತಮ್ಮ ಮಾದರಿಗೆಂದು ತೆಗೆಸಿದ್ದ ಫೋಟೊ ಟಿವಿಯ ಮೇಲೆ ಹಾಕಿದ. ಹೋದ ತಿಂಗಳು ಬಂದಿದ್ದ ಟೀಚರ್ ಒಬ್ಬರಿಗೆ ಮಾಡಿದ ಕಣ್ಣು, ಜೇನಿನ ಬಣ್ಣದ್ದು, ಊಟದ ತಟ್ಟೆಯಷ್ಟು ದೊಡ್ಡದಾಗಿ ಮೂಡಿತು.

ಕೆಲಸದ ಬೆಂಚಿನ ಮೇಲೆ ಕಾಣದಿದ್ದದ್ದು ಅಷ್ಟು ದೊಡ್ಡದಾದಾಗ ಅವಳಿಗೂ ಕಂಡಿತು. ತಲೆ ಓರೆ ಮಾಡಿಕೊಂಡು ಹತ್ತಿರ ಹೋಗಿ ನೋಡಿದಳು. ಕುಂಚ ಊರಿದ ಕಡೆ ಗೆರೆ ದಪ್ಪ, ಎತ್ತಿದ ಕಡೆ ಸಣ್ಣ. ಅವಳು ಯಾವತ್ತೂ ನಡುವಿನಿಂದ ಹೊರಗೆ ಎಳೆಯುವವಳು. ಇಲ್ಲಿ ಮೇಲ್ಪದರದ ಗೆರೆಗಳೆಲ್ಲ ಅಂಚಿನಲ್ಲಿ ದಪ್ಪ, ನಡುವಿಗೆ ಬರುತ್ತ ಸಣ್ಣ.

"ಇದು ನನ್ನ ಕೈಯಲ್ಲ," ಎಂದಳು.

"ಏನಕ್ಕ, ನೀನೇ ಬರೆದಿದ್ದಲ್ವಾ?" ಎಂದ ತಮ್ಮ, ಅವಳ ಕಡೆ ನೋಡದೆ. ಅವನ ಹೆಂಡತಿ ತಲೆ ತಗ್ಗಿಸಿ ಸೆರಗಿನ ಅಂಚು ತಿರುಚತೊಡಗಿದಳು.

"ನೀನು ಹೇಳೇ. ನಿಂದಾ ಇದು?"

"ನೀವು ಬರೆದಿದ್ದು ಸ್ವಲ್ಪ ಹಸಿರಿಗೆ ತಿರುಗಿತ್ತಕ್ಕಾ. ಆ ಟೀಚರ್ ಕನ್ನಡಿ ನೋಡ್ಕೊಂಡು ಅಳ್ತಾರಲ್ಲ ಅಂತ, ನೀವು ಮೇಲೆ ಬಂದ ಮೇಲೆ ತಿದ್ದಿದೆ."

"ಇದೊಂದೇನಾ?"

"ಇಲ್ಲ. ಹೋದ ವರ್ಷದಿಂದ ಎಲ್ಲಾನೂ."

"ಇಬ್ಬರೂ ಸೇರಿ ನನ್ನ ಕಣ್ಣಿಗೇ ಮಣ್ಣೆರಚಿದ್ರಲ್ಲೋ!" ಎಂದಳು ಅಕ್ಕ. ಮರ್ಯಾದೆ ಹೋದಂತಾಯಿತು. ಈ ವರ್ಷ ಅವಳ ಕೈ ಹಿಡಿದು ಅತ್ತವರೆಲ್ಲ ನೆನಪಾದರು. ಅವರ ಮುಂದೆ ತಾನು ಎಷ್ಟು ಬೀಗಿದ್ದೆ, ಛೆ!

"ಹೇಳಿದ್ರೆ ನೀನು ಕುಸಿದುಹೋಗ್ತಿದ್ದೆ," ಎಂದ ತಮ್ಮ. "ಸರಿಯಾದ ಕನ್ನಡಕ ಸಿಕ್ಕಿದ್ರೆ ಸರಿಹೋಗುತ್ತೆ ಅಂದ್ಕೊಂಡ್ವಿ. ನೀನೇ ಹೇಳಿದ್ದೆಯಲ್ಲ."

ಅಕ್ಕನ ಸಿಟ್ಟು ಅಲ್ಲಿಗೇ ನಿಂತಿತು. ಆ ಮಾತು ಅವಳದೇ ಆಗಿತ್ತು. ಕುರ್ಚಿ ಹಿಡಿದು ಕೂತು, ಡಾಕ್ಟರು ಹೇಳಿದ್ದನ್ನು ಒಂದೂ ಬಿಡದೆ ಹೇಳಿದಳು. ತಮ್ಮನ ಹೆಂಡತಿ ನೆಲದ ಮೇಲೆ ಕುಕ್ಕರಿಸಿ, ಅವಳ ಮಂಡಿಗೆ ಹಣೆ ಕೊಟ್ಟು ಗಟ್ಟಿಯಾಗಿ ಅತ್ತಳು.

ಟಿವಿಯಲ್ಲಿ ಆ ಕಣ್ಣು ಇನ್ನೂ ಹಾಗೇ ಇತ್ತು. ಅಕ್ಕ ಮತ್ತೆ ಅದನ್ನು ನೋಡಿದಳು. ಹೊಟ್ಟೆಯಲ್ಲಿ ಕಿಚ್ಚೆದ್ದದ್ದು ಸುಳ್ಳಲ್ಲ. ಅಷ್ಟು ಚೆನ್ನಾಗಿತ್ತು ಅದು.

"ಆ 'ಒಂದೇ ಕೈ' ಸಾಲು ಅಳಿಸು," ಎಂದಳು ತಮ್ಮನಿಗೆ. "ಬಣ್ಣ ಬರೆಯೋದು ಇವಳು ಅಂತ ಹಾಕು."

"ಜನ ಬರಲ್ಲ ಅಕ್ಕ. ಅಂಗಡಿ ಮುಚ್ಚಿಹೋಗುತ್ತೆ."

"ಬಂದೋರು ಅದನ್ನ ಮುಖದಲ್ಲಿಟ್ಕೊಂಡು ಬಾಳಬೇಕು ಕಣೋ. ಯಾರು ಮಾಡಿದ್ದು ಅಂತಾದ್ರೂ ಅವರಿಗೆ ಗೊತ್ತಿರಲಿ."

ಮರುದಿನ ಹೊಸ ಫೋಟೊ ತೆಗೆಯಲು ಫೋಟೊಗ್ರಾಫರ್ ಬಂದ. ತಮ್ಮನ ಹೆಂಡತಿ ಕುಂಚ ಹಿಡಿದು ಸ್ಟೂಲಿನ ಮೇಲೆ ಕೂತಳು. ಎದುರಿನ ಕುರ್ಚಿಗೆ ಯಾರಾದರೂ ಬೇಕಿತ್ತು. ಅಕ್ಕನೇ ಹೋಗಿ ಕೂತಳು. ಇಷ್ಟು ವರ್ಷದಲ್ಲಿ ಆ ಕಡೆಯಿಂದ ಅವಳು ಕೂತದ್ದು ಅದೇ ಮೊದಲು.

"ಸುಮ್ನೆ ನಾಟಕ ಮಾಡ್ಬೇಡ. ನನ್ನ ಕಣ್ಣು ನೋಡ್ಕೊಂಡು ನಿಜವಾಗಿ ಬರಿ."

ತಮ್ಮನ ಹೆಂಡತಿ ಒಮ್ಮೆ ನೋಡಿ ಮುಖ ತಿರುಗಿಸಿದಳು. "ನೋಡೋಕಾಗಲ್ಲ ಅಕ್ಕಾ."

"ನೋಡಬೇಕು. ನಂಗೆ ನಿನ್ನ ಮುಖ ಕಾಣ್ತಿಲ್ಲ ಕಣೇ. ನೀನಾದ್ರೂ ನನ್ನ ಸರಿಯಾಗಿ ನೋಡು."

ಸ್ಟೂಲು ಹತ್ತಿರ ಸರಿದ ಸದ್ದಾಯಿತು. ಅಕ್ಕನಿಗೆ ಕಿಟಕಿಯ ಅಂಚು ಕಾಣುತ್ತಿತ್ತು, ತಮ್ಮನ ಹೆಂಡತಿಯ ಕಿವಿಯ ಓಲೆ ಕಾಣುತ್ತಿತ್ತು, ನಡುವೆ ಮುಖವಿರಬೇಕಾದಲ್ಲಿ ಮಸುಕು. ಆ ಮಸುಕಿನಿಂದ ಬಿಕ್ಕುವುದು ಕೇಳಿಸಿತು. ಆಮೇಲೆ ಕುಂಚ ಬಣ್ಣದ ಬಟ್ಟಲಿಗೆ ತಾಗಿತು.

"ಅಳಬೇಡ್ವೇ, ಕೈ ಅಲ್ಲಾಡುತ್ತೆ," ಎಂದಳು ಅಕ್ಕ, ಕೆನ್ನೆಯ ಮೇಲಿಳಿಯುತ್ತಿದ್ದ ನೀರನ್ನು ಒರೆಸಿಕೊಳ್ಳದೆ, ರೆಪ್ಪೆ ಮಿಟುಕಿಸದೆ.