ಕಿಟಕಿಗೆ ಮೂರು ಮೆಟ್ಟಿಲು

ಗಂಡನ ಅಂತ್ಯಕ್ರಿಯೆ ಮುಗಿದು, ಬಂದವರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಗ್ಗೆ ನಾನು ಬಚ್ಚಲಿನ ಕಾಲೊರಸಿನ ಮೇಲೆ ಕಾಲಿಟ್ಟೆ. ಒದ್ದೆಯಾಗಿತ್ತು. ಪಕ್ಕದಲ್ಲೇ ಮರಳಿನ ತಟ್ಟೆ ಇದ್ದರೂ ಬೆಕ್ಕು ಅದನ್ನು ಬಿಟ್ಟು ಕಾಲೊರಸಿನ ಮೇಲೆ ಉಚ್ಚೆ ಹೊಯ್ದಿತ್ತು. ಬಚ್ಚಲಿನ ಬಲ್ಬು ಕೆಟ್ಟು ತಿಂಗಳುಗಳಾಗಿದ್ದವು, ಕಾಣಲಿಲ್ಲ.

ಕಾಲು ತೊಳೆದುಕೊಳ್ಳುತ್ತಿದ್ದಾಗ ಅತ್ತೆ ಬಾಗಿಲಿಗೆ ಬಂದು ನಿಂತರು.

"ಬೈಬೇಡಮ್ಮ ಅದನ್ನ. ಸಂಕಟಕ್ಕೆ ಹಾಗೆ ಮಾಡುತ್ತೆ. ಮೂಕಪ್ರಾಣಿ, ಅಳೋಕೆ ಬರುತ್ತಾ ಪಾಪ?"

ಬಾಯಿದ್ದೂ ಅಳದವಳು ನಾನು. ಅದನ್ನು ಅವರು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಬೆಕ್ಕನ್ನು ಅವನು ದೊರೆಸಾನಿ ಎಂದು ಕರೆಯುತ್ತಿದ್ದ. ಮದುವೆಗೆ ಮೊದಲೇ ಅವನ ಜೊತೆ ಇದ್ದವಳು. ಹದಿನಾಲ್ಕು ವರ್ಷದಿಂದ ಹೊಸ್ತಿಲು ದಾಟದವಳು. "ಇವಳು ಹಿರಿ ಹೆಂಡತಿ, ಸ್ವಲ್ಪ ಅನುಸರಿಸ್ಕೊಂಡು ಹೋಗು" ಎಂದು ನನ್ನನ್ನು ರೇಗಿಸುತ್ತಿದ್ದ. ಈಗ ಹಿರಿಯಳು ಶೋಕದಲ್ಲಿದ್ದಳು, ಕಿರಿಯಳು ಕಾಲೊರಸು ಒಗೆಯುತ್ತಿದ್ದಳು.

ನಾದಿನಿ ದಿನಾ ಫೋನ್ ಮಾಡುತ್ತಿದ್ದಳು. ಮೊದಲ ಪ್ರಶ್ನೆ, "ದೊರೆಸಾನಿ ಹೇಗಿದಾಳೆ?" ನನ್ನ ಸರದಿ ಆಮೇಲೆ.

"ಹಾಸಿಗೆ ಮೇಲೆ ಬರಲ್ವಂತಲ್ಲ ಅತ್ತಿಗೆ?"

"ಬರಲ್ಲ."

"ಅವನಿಲ್ಲದ ಹಾಸಿಗೆ ಬೇಡ ಅದಕ್ಕೆ. ನಮಗಿಂತ ಅದೇ ವಾಸಿ ನೋಡಿ."

ದೊರೆಸಾನಿಯ ಬೆನ್ನಿನ ಕೂದಲು ಗಂಟುಗಟ್ಟಿತ್ತು, ನೆಕ್ಕಿಕೊಳ್ಳುವುದನ್ನು ಬಿಟ್ಟಿದ್ದಳು. ಸೊಂಟದ ಹತ್ತಿರ ಕೈ ಇಟ್ಟರೆ ಗುರ್ರೆನ್ನುತ್ತಿದ್ದಳು. ಎಲ್ಲಕ್ಕೂ ಮನೆಯವರ ಹತ್ತಿರ ಒಂದೇ ಉತ್ತರ ಸಿದ್ಧವಿತ್ತು: ದುಃಖ. ಹಗಲೆಲ್ಲ ಕಿಟಕಿಯ ಕಟ್ಟೆಯ ಮೇಲೆ ಕೂತು ರಸ್ತೆ ನೋಡುವುದನ್ನು ತೋರಿಸಿ, ಬಂದವರಿಗೆಲ್ಲ ಅತ್ತೆ, "ದಾರಿ ಕಾಯ್ತಿದೆ" ಎನ್ನುತ್ತಿದ್ದರು. ಬಂದವರು ಕಣ್ಣೊರಸಿಕೊಂಡು ಹೋಗುತ್ತಿದ್ದರು.

ಆ ಕಿಟಕಿಯ ಕೆಳಗೆ ಒಂದು ಮಡಚುವ ಏಣಿ ಇತ್ತು. ಮೂರು ಮೆಟ್ಟಿಲಿನದು, ಮೈತುಂಬ ಬಣ್ಣದ ಕಲೆ. ಕೆಳಗಿನ ಮನೆಯಲ್ಲಿರುವ, ಗೋಡೆಗೆ ಬಣ್ಣ ಹೊಡೆಯುವವರದು. ಬಚ್ಚಲಿನ ಬಲ್ಬು ಹಾಕಲೆಂದು ಅವನು ಕೇಳಿ ತಂದಿದ್ದ. ಬಲ್ಬು ಹಾಕಲಿಲ್ಲ. ನಾನು ಏಣಿಯನ್ನು ಮಡಚಿ ಮೂಲೆಗೆ ಇಡುತ್ತಿದ್ದೆ. ಬೆಳಗಾದರೆ ಮತ್ತೆ ಕಿಟಕಿಯ ಕೆಳಗೆ ಬಿಚ್ಚಿಕೊಂಡು ನಿಂತಿರುತ್ತಿತ್ತು. "ವಾಪಸ್ಸಾದರೂ ಕೊಡು" ಎಂದರೆ, "ಕೊಡ್ತೀನಿ, ಇರಲಿ ಬಿಡು" ಎನ್ನುತ್ತಿದ್ದ. ನಮ್ಮ ಕೊನೆಯ ಜಗಳ ಅದರ ಬಗ್ಗೆಯೇ. ನೆನಪಿಟ್ಟುಕೊಳ್ಳಲು ಇನ್ನೂ ಸ್ವಲ್ಪ ಘನವಾದ ಜಗಳ ಆಡಬಹುದಿತ್ತು.

ಬಣ್ಣದವರು ಆ ವಾರದಲ್ಲಿ ಮೂರನೆಯ ಸಲ ಬಂದರು. ಕುರ್ಚಿಯ ತುದಿಯಲ್ಲಿ ಕೂತು, ಎಂದಿನಂತೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಿದರು.

"ಹೇಗಿದೀರಿ ಅಂತ ನೋಡ್ಕೊಂಡು ಹೋಗೋಣ ಅಂತ ಬಂದೆ."

"ಹೀಗೇ ಇದೀವಿ."

"ನಂದೂ ಹಾಗೇ ನಡೀತಿದೆ. ಎತ್ತರದ ಕೆಲಸ ಬಂದಿದೆ. ಬಕೆಟ್ ಬೋರಲು ಹಾಕ್ಕೊಂಡು ನಿಭಾಯಿಸ್ತಿದೀನಿ." ಅವರ ಕಣ್ಣು ಕಿಟಕಿಯ ಕಡೆ ಹೋಗಿ ಬಂತು.

ನನಗೆ ಆಗ ಅರ್ಥವಾಯಿತು. ಸಿಟ್ಟೂ ಬಂತು.

"ಏಣಿ ಬೇಕು ಅಂತ ಬಾಯಿಬಿಟ್ಟು ಹೇಳಬಾರದಾ?"

"ಇಂಥ ಹೊತ್ತಲ್ಲಿ ಏಣಿ ಹೇಗೆ ಕೇಳೋದು ಮೇಡಂ?"

"ಕೇಳದೆ ಬಕೆಟ್ ಮೇಲಿಂದ ಬಿದ್ದು ಇನ್ನೊಂದು ಸಾವು ಮಾಡ್ತೀರಾ?"

ಅತ್ತೆ ಅಡುಗೆಮನೆಯಿಂದ ಕೆಮ್ಮಿದರು. ನಾನು ಎದ್ದು ಏಣಿಯನ್ನು ಮಡಚಿ ಬಾಗಿಲ ಪಕ್ಕ ಒರಗಿಸಿದೆ.

ದೊರೆಸಾನಿ ಅಡುಗೆಮನೆಯಿಂದ ಬಂದಳು. ಕಿಟಕಿಯ ಕೆಳಗೆ ನಿಂತು ಮೇಲೆ ನೋಡಿದಳು. ಮುಂಗಾಲೆತ್ತಿ ಗೋಡೆಗೆ ಒತ್ತಿದಳು. ಹಿಂಗಾಲು ನಡುಗಿತೇ ಹೊರತು ನೆಲ ಬಿಡಲಿಲ್ಲ. ಇನ್ನೊಮ್ಮೆ ನೋಡಿದಳು, ಪಕ್ಕಕ್ಕೆ ವಾಲಿ ಬಿದ್ದಳು. ಅಲ್ಲೇ ಕೂರಬೇಕೆಂದು ಬಂದವಳ ಹಾಗೆ ಬಾಲ ಸುತ್ತಿಕೊಂಡು ಕೂತಳು.

ಮೊದಲು ಇದೇ ಬೆಕ್ಕು ನೆಲದಿಂದ ಫ್ರಿಜ್ಜಿನ ಮೇಲಕ್ಕೆ ಒಂದೇ ನೆಗೆತಕ್ಕೆ ಹೋಗುತ್ತಿತ್ತು. ಹಾಸಿಗೆಗೆ ಬರುವುದಿಲ್ಲ ಅಲ್ಲ, ಬರಲಾಗುವುದಿಲ್ಲ. ಮರಳಿನ ತಟ್ಟೆಯ ಅಂಚನ್ನು ದಾಟುವುದೂ ಕಷ್ಟ. ಕಾಲೊರಸಿನ ನೆನಪಾಯಿತು. ನನ್ನ ಕೆಲಸ ನೀರಿನ ಪರೀಕ್ಷಾಲಯದಲ್ಲಿ. ಬಣ್ಣ, ವಾಸನೆ ನೋಡುವುದಕ್ಕೇ ಸಂಬಳ. ಅಷ್ಟು ಒದ್ದೆಯಾಗಿದ್ದ ಕಾಲೊರಸಿಗೆ ವಾಸನೆಯೇ ಇರಲಿಲ್ಲ, ಬರೀ ನೀರಿನ ಹಾಗೆ.

"ಬೆಕ್ಕಿನ ಬಟ್ಟಲಿಗೆ ನೀರು ಯಾರು ಹಾಕೋದು?" ಎಂದೆ.

"ನಾನೇ" ಎಂದರು ಅತ್ತೆ. "ನೋಡಿದಾಗೆಲ್ಲ ಖಾಲಿ ಇರುತ್ತೆ, ತುಂಬಿಸ್ತೀನಿ."

"ನಾನೂ ತುಂಬಿಸ್ತೀನಿ."

ಬಣ್ಣದವರು ತಲೆ ಕೆರೆದುಕೊಂಡರು. "ಮೊನ್ನೆ ಬಂದಾಗ ನಾನೂ ಹಾಕ್ದೆ."

ಸಾವಿನ ಮನೆಗೆ ಬಂದವರಿಗೆ ಕೈಗೊಂದು ಕೆಲಸ ಬೇಕು. ಎಲ್ಲರಿಗೂ ಆ ಬಟ್ಟಲು ಸಿಕ್ಕಿತ್ತು. ಹೀಗಾಗಿ ಅವಳು ಎಷ್ಟು ಕುಡಿಯುತ್ತಿದ್ದಾಳೆಂದು ಒಬ್ಬರಿಗೂ ತಿಳಿದಿರಲಿಲ್ಲ.

"ಏಣಿ ಇನ್ನೆರಡು ದಿನ ಇರಲಿ" ಎಂದೆ. "ಇವಳನ್ನ ಡಾಕ್ಟರ ಹತ್ರ ಕರ್ಕೊಂಡು ಹೋಗ್ಬೇಕು."

"ದುಃಖಕ್ಕೆ ಯಾವ ಡಾಕ್ಟರಮ್ಮ?" ಎಂದರು ಅತ್ತೆ.

"ದುಃಖ ಮೂರು ಬಟ್ಟಲು ನೀರು ಕುಡಿಯಲ್ಲ ಅತ್ತೆ!"

ಇಷ್ಟು ಜೋರಾಗಿ ನಾನು ಆ ಮನೆಯಲ್ಲಿ ಯಾವತ್ತೂ ಮಾತಾಡಿರಲಿಲ್ಲ. ಅತ್ತೆ ಹೋಗಿ ಅಟ್ಟದ ಕೆಳಗಿದ್ದ ಬುಟ್ಟಿ ತಂದರು. ಅದರಲ್ಲಿ ಹಾಸಲು ಅವನ ಹಳೆಯ ಬನಿಯನ್ನನ್ನೂ.

ಪ್ರಾಣಿವೈದ್ಯೆಗೆ ಸುತ್ತಿಬಳಸುವ ಅಭ್ಯಾಸವಿರಲಿಲ್ಲ. ಬಾಯಿ ನೋಡಿದರು, ತೂಕ ಮಾಡಿದರು, ರಕ್ತ ತೆಗೆದರು. ಮರುದಿನ ನಮ್ಮಿಬ್ಬರನ್ನೂ ಕೂರಿಸಿ ಹೇಳಿದರು: ಮೂತ್ರಪಿಂಡ ಸೋತಿದೆ, ಹಿಂಗಾಲಿನ ಕೀಲುಗಳು ಸವೆದಿವೆ.

"ವಾಸಿ ಆಗಲ್ಲ, ಹಿಡಿದಿಡಬಹುದು. ಬೇರೆ ಆಹಾರ, ನೋವಿಗೆ ಔಷಧಿ. ಇನ್ನೊಂದು ತಿಂಗಳು ಬಿಟ್ಟು ತಂದಿದ್ರೆ ಏನೂ ಮಾಡೋಕಾಗ್ತಿರಲಿಲ್ಲ. ಇವು ನೋವನ್ನ ಬಚ್ಚಿಡ್ತವೆ, ನಾವೇ ಕಂಡುಹಿಡೀಬೇಕು. ಹಾರೋದು ನಿಲ್ಲಿಸಿ ಎಷ್ಟು ದಿನ ಆಯ್ತು?"

"ಏಣಿ ಬಂದಾಗಿನಿಂದ" ಎಂದೆ.

ದಾರಿಯಲ್ಲಿ ಅತ್ತೆ ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರು.

"ಏಣಿ ಬಂದಾಗ ಅವನು ಇದ್ದ."

"ಇದ್ದ."

"ಹಾಗಾದ್ರೆ ಇದು ಅವನಿಗೋಸ್ಕರ ಅಲ್ಲ."

ಅವರ ಕೈಯಿಂದ ನಾನು ಏನನ್ನು ಕಿತ್ತುಕೊಂಡೆನೆಂದು ಆಗ ತಿಳಿಯಿತು.

"ಎರಡೂ ಇರಬಹುದು ಅತ್ತೆ" ಎಂದೆ. ಪರೀಕ್ಷಾಲಯದಲ್ಲಿ ಹೀಗೆ ಬರೆದರೆ ಕೆಲಸ ಹೋಗುತ್ತದೆ.

ಬೆಕ್ಕಿಗೆ ಹಾರಲಾಗುತ್ತಿಲ್ಲವೆಂದು ಅವನಿಗೆ ಗೊತ್ತಿತ್ತೇ? ಗೊತ್ತಿಲ್ಲದೆ ದಿನಾ ಆ ಏಣಿಯನ್ನು ಬಿಚ್ಚಿಡುತ್ತಿದ್ದನೇ? ಗೊತ್ತಿದ್ದರೆ ಒಂದು ಮಾತು ಹೇಳಲು ಏನು ಕಷ್ಟ? ತನ್ನ ಎದೆನೋವನ್ನೂ ಹೇಳಿರಲಿಲ್ಲ. ಕೊನೆಯ ವಾರವೆಲ್ಲ ಆಫೀಸಿನ ಮೆಟ್ಟಿಲು ಹತ್ತುವಾಗ ನಡುವೆ ನಿಂತು, ಫೋನ್ ನೋಡುವವನಂತೆ ನಟಿಸುತ್ತಿದ್ದನಂತೆ. ಜೊತೆಯವರು ಆಮೇಲೆ ಹೇಳಿದರು. ಎಲ್ಲರೂ ಆಮೇಲೆ ಹೇಳುತ್ತಾರೆ.

ಮರಳಿನ ತಟ್ಟೆಯ ಒಂದು ಅಂಚನ್ನು ಕತ್ತರಿಸಿದೆ. ಕಿಟಕಿಯ ಕೆಳಗೆ ಅವನ ದೊಡ್ಡ ಸೂಟ್‌ಕೇಸು, ಅದಕ್ಕೆ ಒತ್ತಿ ಸಣ್ಣದು, ಅದರ ಮುಂದೆ ನನ್ನ ಸಂಶೋಧನಾ ಪ್ರಬಂಧದ ಮಿಕ್ಕ ಪ್ರತಿಗಳು. "ಯಾರೂ ಓದದಿದ್ದು ಕೊನೆಗೂ ಉಪಯೋಗಕ್ಕೆ ಬಂತಲ್ಲ" ಎಂದರು ಅತ್ತೆ. ದೊರೆಸಾನಿ ಎರಡು ದಿನ ಮೂಸಿ ನೋಡಿ ಮುಖ ತಿರುಗಿಸಿದಳು. ಮೂರನೆಯ ದಿನ, ಔಷಧಿ ಹಿಡಿದಿತ್ತೋ ಏನೋ, ಯಾರೂ ನೋಡದಾಗ ಹತ್ತಿ ಕಟ್ಟೆಯ ಮೇಲೆ ಕೂತಿದ್ದಳು. ಬೆನ್ನಿನ ಮೇಲೆ ಇಲಿಯಷ್ಟು ಜಾಗವನ್ನು ನೆಕ್ಕಿಕೊಂಡಳು. ಸಾಕಾಯಿತೆಂದು ಬಿಟ್ಟಳು.

ಏಣಿಯನ್ನು ಬಚ್ಚಲಿಗೆ ಒಯ್ದು ಬಲ್ಬು ಹಾಕಿದೆ. ಉಗುರಿಗೆ ಅಂಟಿದ ಧೂಳು ಬಿಡಿಸುವಷ್ಟು ಹೊತ್ತೂ ಹಿಡಿಯಲಿಲ್ಲ. ಇಷ್ಟಕ್ಕೆ ತಿಂಗಳುಗಟ್ಟಲೆ ಜಗಳ.

ಏಣಿ ಹೊತ್ತು ಕೆಳಗಿಳಿದೆ. ಬಣ್ಣದವರು ತಮ್ಮದೇ ಬಾಗಿಲ ಮೇಲ್ಭಾಗಕ್ಕೆ ಬಣ್ಣ ಬಳಿಯುತ್ತಿದ್ದರು, ಬೋರಲು ಬಕೆಟ್ಟಿನ ಮೇಲೆ ನಿಂತು.

"ಅವಸರ ಏನಿತ್ತು ಮೇಡಂ?"

"ಇಳೀರಿ ಮೊದಲು."

ಇಳಿದು ಏಣಿಯನ್ನು ಬಿಚ್ಚಿ ನೋಡಿದರು. "ಬಲ್ಬು ಹಾಕೋಕೆ ಅಂತ ತಗೊಂಡಿದ್ರು. ಹಾಕಿದ್ರಾ?"

"ಆಯ್ತು."

ಮೆಟ್ಟಿಲ ಮೇಲೆ ಬೆರಳಾಡಿಸಿ, ಹೇಳಲೋ ಬೇಡವೋ ಎಂದು ನಿಂತರು.

"ಹೇಳಿ" ಎಂದೆ.

"ತುಂಬಾ ಬೆಕ್ಕಿನ ಕೂದಲು ಮೇಡಂ. ಹಸಿ ಬಣ್ಣಕ್ಕೆ ಹತ್ತುತ್ತೆ."

"ಒಂದು ಬಟ್ಟೆ ಕೊಡಿ ಇಲ್ಲಿ."

ಅಲ್ಲೇ ಕೂತು ಮೂರು ಮೆಟ್ಟಿಲನ್ನೂ ಒರಸಿ ಕೊಟ್ಟೆ.