ವಕ್ರರೇಖೆಯಲ್ಲೊಂದು ಗುಂಡಿ

ಅಕ್ಕತಂಗಿಯರಿಬ್ಬರೂ ಒಂದೇ ಸಂಸ್ಥೆಯಲ್ಲಿ ರಸಾಯನಶಾಸ್ತ್ರದ ಕೆಲಸಕ್ಕಿದ್ದರು. ಅಕ್ಕ ಕೆಳಮಹಡಿಯಲ್ಲಿ ಗಾಜಿನ ಪಾತ್ರೆಗಳ ನಡುವೆ, ತಂಗಿ ಮೇಲ್ಮಹಡಿಯಲ್ಲಿ ಕಂಪ್ಯೂಟರಿನ ಮುಂದೆ. ಒಂದು ಅಣು ಒಡೆದು ಇನ್ನೊಂದಾಗುವ ದಾರಿಯಲ್ಲಿ ಶಕ್ತಿ ಹೇಗೆ ಏರಿಳಿಯುತ್ತದೆಂದು ತಂಗಿ ಲೆಕ್ಕ ಹಾಕಿದಾಗ, ಆ ಏರಿಳಿತದ ವಕ್ರರೇಖೆಯ ನಡುವೆ ಒಂದು ಗುಂಡಿ ಕಾಣಿಸಿತು. ಗುಂಡಿ ಇದೆಯೆಂದರೆ ಅಲ್ಲೊಂದು ಅಲ್ಪಾಯುಷಿ ಅಣು ತಂಗುತ್ತದೆ, ಕಡುಶೀತದಲ್ಲಿ ಹಿಡಿಯಬಹುದು. ಅದನ್ನು ಹಿಡಿಯಲು ಅಕ್ಕ ತಿಂಗಳುಗಟ್ಟಲೆ ಕೈ ಮರಗಟ್ಟಿಸಿಕೊಂಡಳು. ಸಿಗಲಿಲ್ಲ.

ಲೆಕ್ಕದಲ್ಲೊಂದು ಒಳದಾರಿಯಿತ್ತು. ಸಮಯ ಉಳಿಸಲು, ಪ್ರತಿ ಎಲೆಕ್ಟ್ರಾನ್ ಜೋಡಿಗೂ ಓಡಾಡಲು ಹತ್ತಿರದ ಪರಮಾಣುಗಳ ಆರ್ಬಿಟಲ್‌ಗಳನ್ನಷ್ಟೇ ಬಿಟ್ಟುಕೊಟ್ಟು, ದೂರದವನ್ನು ಲೆಕ್ಕಕ್ಕೆ ಹಿಡಿಯದೆ, ಒಂದು ವಲಯ ಕಟ್ಟುವುದು. "ಆ ವಲಯ ಸ್ವಲ್ಪ ಹಿಗ್ಗಿಸಿ ನೋಡೇ" ಎಂದು ಅಕ್ಕ ಒಮ್ಮೆ ಹೇಳಿದ್ದಳು. ಗಾಜಿನ ಪಾತ್ರೆಯ ಅಡುಗೆ ನಿನ್ನದು, ಲೆಕ್ಕ ನನ್ನದು ಎಂದು ತಂಗಿ ಎಲ್ಲರೆದುರು ನಕ್ಕು ಅವಳ ಬಾಯಿ ಮುಚ್ಚಿಸಿದ್ದಳು.

ಕೊನೆಗೆ, ಆ ಗುಂಡಿಯ ಬಗ್ಗೆ ವಿಜ್ಞಾನ ಪತ್ರಿಕೆಗೆ ಕಳಿಸಿದ್ದ ಲೇಖನವನ್ನು ಪರಿಶೀಲಿಸಿದವರು ಪಟ್ಟು ಹಿಡಿದದ್ದರಿಂದ ತಂಗಿ ವಲಯ ಹಿಗ್ಗಿಸಲೇಬೇಕಾಯಿತು. ಒಂದು ಬೆಳಿಗ್ಗೆ ಹೊಸ ಲೆಕ್ಕದ ಉತ್ತರ ಬಂತು. ಆಚೆಯ ನೆರೆ ಪರಮಾಣುಗಳನ್ನೂ ಸೇರಿಸಿಕೊಂಡ ಕೂಡಲೇ ಗುಂಡಿ ಮಾಯ. ಒಡೆಯುವ ಅಣುವಿನ ಬಂಧ ಉದ್ದವಾಗುತ್ತಾ ಹೋದಂತೆ ಹಳೆಯ ವಲಯ ನಡುವೆಲ್ಲೋ ತಟಕ್ಕನೆ ಬದಲಾಗಿತ್ತು; ಅದರಿಂದ ಲೆಕ್ಕದಲ್ಲಾದ ನೆಗೆತವನ್ನೇ ತಂಗಿ ಹೊಸ ಅಣುವೆಂದು ನಂಬಿದ್ದಳು.

ಸ್ವಲ್ಪ ಹೊತ್ತಿಗೇ ಸಭೆ. ಲೆಕ್ಕ ಸರಿಯಾಗೇ ಇದೆ, ಕೈ ಪಳಗಿಲ್ಲ ಎಂದು ಮುಖ್ಯಸ್ಥರು ಅಕ್ಕನನ್ನು ತರಾಟೆಗೆ ತೆಗೆದುಕೊಂಡರು. ಅಕ್ಕ ತಲೆ ತಗ್ಗಿಸಿ ಕೂತಳು. ತಂಗಿಯ ನಾಲಿಗೆಯ ತುದಿಗೆ ಬಂದ ಮಾತು ಅಲ್ಲೇ ಒಣಗಿತು.

ಮಧ್ಯಾಹ್ನ ಕೆಳಗಿಳಿದು ಹೋದಳು. ಅಕ್ಕ ಆ ಅಣು ಹಿಡಿಯಲು ಮತ್ತೆ ನಿರ್ವಾತ ಪಂಪು ಹಚ್ಚಿದ್ದಳು. ಬೆರಳ ತುದಿಗಳು ಸಿಪ್ಪೆಯೆದ್ದಿದ್ದವು.

"ನಿಲ್ಲಿಸಕ್ಕಾ. ಅಲ್ಲೇನೂ ಇಲ್ಲ. ನನ್ನ ಲೆಕ್ಕಾನೇ ತಪ್ಪು."

"ಯಾವಾಗ ಗೊತ್ತಾಯ್ತು?"

"ಸಭೆಗೆ ಮುಂಚೆ."

ಅಕ್ಕ ಪಂಪು ಆರಿಸಿದಳು. ಬೈದಿದ್ದರೆ ವಾಸಿಯಿತ್ತು. "ಅವರು ನನ್ನ ಕೈ ಬಗ್ಗೆ ಅಂದಾಗ ನೀನು ಅಲ್ಲೇ ಕೂತಿದ್ದೆ ಕಣೇ" ಎಂದಷ್ಟೇ ಅಂದಳು.

ತಂಗಿ ಎಲ್ಲರನ್ನೂ ಮತ್ತೆ ಅದೇ ಕೋಣೆಗೆ ಕರೆದಳು. ಗುಂಡಿಯಿದ್ದ, ಗುಂಡಿಯಿಲ್ಲದ ಎರಡೂ ರೇಖೆಗಳನ್ನು ತೋರಿಸಿ, ಅಕ್ಕ ಅಂದೇ ಹೇಳಿದ್ದಳು, ತಾನು ಕೇಳಲಿಲ್ಲ, ಬೆಳಿಗ್ಗೆ ಗೊತ್ತಿದ್ದೂ ಬಾಯಿಬಿಡಲಿಲ್ಲ ಎಂದಳು. ಮುಖ್ಯಸ್ಥರು ಅಕ್ಕನ ಕ್ಷಮೆ ಕೇಳಿದರು, ಲೇಖನ ಹಿಂತೆಗೆದುಕೊಂಡರು.

ಸಂಜೆ ಇಬ್ಬರೂ ಎಂದಿನಂತೆ ಒಂದೇ ಬಸ್ಸು ಹತ್ತಿದರು. ಅಕ್ಕ ಕಿಟಕಿಯ ಬಳಿ ಕೂತು ಪಕ್ಕದ ಸೀಟಿನಲ್ಲಿ ಚೀಲ ಇಟ್ಟಳು. ತಂಗಿ ಕಂಬಿ ಹಿಡಿದು ಮನೆಯವರೆಗೂ ನಿಂತೇ ಬಂದಳು. ಚೀಲ ತೆಗಿ ಅನ್ನಲು ಅವಳಿಗೆ ಮುಖವೆಲ್ಲಿತ್ತು?